ಸುಣ್ಣಕಲ್ಲಿನಲ್ಲಿ ಉಪ್ಪು

ಎಂ.ಎಸ್ಸಿ. ಪ್ರಾಜೆಕ್ಟಿಗೆ ನಾನು ಆರಿಸಿಕೊಂಡದ್ದು ಮೊಳಕಾಲ್ಮೂರಿನ ಹತ್ತಿರ ನಮ್ಮ ಹೊಲದಲ್ಲೇ ಸಿಗುವ ಸುಣ್ಣಕಲ್ಲು. ಕಲ್ಲನ್ನು ನುಣ್ಣಗೆ ಅರೆದು ಎಕ್ಸ್‌ರೇ ಯಂತ್ರದಲ್ಲಿಟ್ಟರೆ ಒಂದು ಗ್ರಾಫ್ ಬರುತ್ತದೆ. ಯಾವ ಖನಿಜದ ಹರಳು ಎಂಬುದನ್ನು ಅದರ ಗೆರೆಗಳೇ ಹೇಳುತ್ತವೆ. ಅರೆಯಲು ವಿಭಾಗದಲ್ಲಿದ್ದದ್ದು ಅಗೇಟ್ ಎಂಬ ಗಟ್ಟಿ, ನುಣುಪು ಕಲ್ಲಿನ ಒಂದೇ ಒರಳು. ಸರದಿಗೆ ಕಾಯಲು ಬೇಸರವಾಗಿ, ರಜೆಯಲ್ಲಿ ಅವ್ವನ ಚಟ್ನಿ ಒರಳಿನಲ್ಲೇ ಅರೆದೆ. ವರದಿಯಲ್ಲಿ ಅಗೇಟ್ ಎಂದೇ ಬರೆದೆ.

ಗ್ರಾಫಿನಲ್ಲಿ ಸುಣ್ಣದ ಜೊತೆಗೆ ಉಪ್ಪಿನ ಗೆರೆಗಳೂ ಎದ್ದಿದ್ದವು. ನಮ್ಮ ಹೊಲದಲ್ಲಿ ಹಿಂದೆ ಉಪ್ಪುನೀರಿನ ಕೆರೆ ಇತ್ತೆಂದು ಎರಡು ಪುಟ ಬರೆದೆ. ಗೈಡ್ ಚಂದ್ರಶೇಖರ್ ಸರ್ ಖುಷಿಯಾಗಿ, ಜಾಗ ನೋಡಲೇಬೇಕೆಂದು ಭಾನುವಾರ ನನ್ನೊಡನೆ ಹೊರಟರು. ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆವು.

ಹೊಲದಲ್ಲಿ ಅವರು ನಾಲ್ಕೈದು ಕಲ್ಲು ಒಡೆದು ನಾಲಿಗೆಗೆ ತಾಗಿಸಿದರು. "ಎಲ್ಲಾ ಸಪ್ಪೆ ಕಣೋ."

ಮನೆಯಲ್ಲಿ ಅವ್ವ ಮಜ್ಜಿಗೆ ಕೊಟ್ಟಳು. "ನಮ್ ಹೊಲದ ಕಲ್ಲಿಗೂ ಒಬ್ರು ಮೇಷ್ಟ್ರು ಬಂದ್ರಲ್ರೀ!"

ಸರ್ ನಕ್ಕರು. ಅಷ್ಟರಲ್ಲಿ ಅಂಗಳದ ಒರಳು ಅವರ ಕಣ್ಣಿಗೆ ಬಿತ್ತು. ಅದರ ಸಣ್ಣ ಕುಳಿಗಳಲ್ಲಿ ಬಿಳಿ ಪುಡಿ ಕೂತಿತ್ತು. ಬ್ಯಾಗಿನಿಂದ ಆಸಿಡ್ ಬಾಟಲಿ ತೆಗೆದು ಒಂದು ಹನಿ ಬಿಟ್ಟರು. ಬುಸ್ಸೆಂದು ನೊರೆ ಬಂತು.

"ಅಯ್ಯೋ ಸಾರ್, ಅದ್ರಾಗೆ ಚಟ್ನಿ ಅರೀತೀನ್ರೀ!"

"ಇದರಲ್ಲಿ ಸುಣ್ಣಕಲ್ಲು ಅರೆದದ್ದು ಯಾರು?" ಸರ್ ಕೇಳಿದ್ದು ನನ್ನನ್ನು.

ಸುಳ್ಳು ವರದಿ ಎಂದು ಗೊತ್ತಾದರೆ ಪ್ರಾಜೆಕ್ಟ್ ರದ್ದು, ವರ್ಷ ಹೋಯಿತು. "ಅವ್ವ ಸರ್," ಎಂದೆ. "ನಾನು ಅಗೇಟಲ್ಲೇ ಅರೆದು ಡಬ್ಬಿಯಲ್ಲಿಟ್ಟಿದ್ದೆ. ತರಿ ಐತೆ ಅಂತ ಇವಳು ಮತ್ತೆ ಅರೆದಿದಾಳೆ. ವರದಿ ಬರೆಯುವಾಗ ನನಗೆ ಗೊತ್ತಿರಲಿಲ್ಲ."

ಅವ್ವ ನನ್ನನ್ನು ನೋಡಿದಳು. ಆಮೇಲೆ ಸೆರಗು ಸರಿ ಮಾಡಿಕೊಂಡು, "ಹೂನ್ರೀ, ನಾನೇ. ಹುಡುಗನಿಗೆ ಒಸಿ ಅನುಕೂಲ ಆಗ್ಲಿ ಅಂತ," ಎಂದಳು.

ಸರ್ ಅವಳಿಗೆ ಉಪ್ಪಿನ ಹರಳು, ಸುಣ್ಣದ ಹರಳು, ಎರಡೂ ಬೆರೆತರೆ ಏನಾಗುತ್ತದೆ ಎಂದು ಹತ್ತು ನಿಮಿಷ ಬಿಡಿಸಿ ಹೇಳಿದರು. ಓದುವ ಮಕ್ಕಳ ಕೆಲಸದಲ್ಲಿ ಹೀಗೆ ಕೈಯಾಡಿಸಬಾರದಮ್ಮ ಎಂದರು. ಅವ್ವ ನಿಂತೇ ಕೇಳಿದಳು. "ತಪ್ಪಾತ್ರಿ," ಎಂದಳು. ನಾನು ಖಾಲಿ ಲೋಟ ಹಿಡಿದು ಪಕ್ಕದಲ್ಲೇ ನಿಂತಿದ್ದೆ.

ಹೊಸದಾಗಿ ಅರೆದು ವರದಿ ತಿದ್ದಲು ಸರ್ ಎರಡು ವಾರ ಕೊಟ್ಟರು. ವರ್ಷ ಉಳಿಯಿತು. ಬಸ್ಸಿಗೆ ನಡೆಯುವಾಗ ನನ್ನ ಹೆಗಲ ಮೇಲೆ ಕೈಯಿಟ್ಟರು.

"ತಿಪ್ಪೇರುದ್ರ, ಇದಕ್ಕೆಲ್ಲ ನಿಮ್ಮವ್ವನನ್ನ ಬೈಬೇಡ ಕಣೋ. ಪಾಪ, ಅವರಿಗೇನು ಗೊತ್ತು?"

"ಬೈಯಲ್ಲ ಸರ್," ಎಂದೆ.