ಎತ್ತಿದ ಭಂಡಾರ

ಫ್ಲೆಕ್ಸ್ ಯಂತ್ರ ಮನುಷ್ಯರನ್ನು ತಲೆಯಿಂದ ಕೆಳಕ್ಕೆ ಹೊರಹಾಕುತ್ತದೆ. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಕನ್ನಡಕ. ಬೆಳಗಾವಿ ಶಹಾಪುರದ ಕಾಂತಕ್ಕನ ಅಂಗಡಿಯಲ್ಲಿ ಸಪ್ನಾ ದಿನಾ ನೋಡುವುದು ಇದನ್ನೇ. ಹುಟ್ಟುಹಬ್ಬದ ಪುಢಾರಿಗಳು, ಮದುವೆಯ ಜೋಡಿಗಳು, ತೀರಿಕೊಂಡ ಹಿರಿಯರು, ಎಲ್ಲರೂ ಹಾಗೆಯೇ ನಿಧಾನವಾಗಿ ಇಳಿದು ಬರುತ್ತಾರೆ. ಬಣ್ಣ ಆರಿದ ಮೇಲೆ ಅಂಚು ಮಡಚಿ ಅಂಟಿಸಿ, ಹಗ್ಗ ಕಟ್ಟಲು ಮೂಲೆಗೆ ತೂತು ಹೊಡೆದು ರಿಂಗು ಕೂರಿಸುವುದು ಅವಳ ಕೆಲಸ.

ಆ ದಿನ ಇಳಿದವರು ಮೂವರು. ಮೇಲೆ ದಪ್ಪ ಅಕ್ಷರದಲ್ಲಿ ‘ವಿದ್ಯುತ್ ಮತ್ತು ಜನತೆ: ವಿಚಾರ ಸಂಕಿರಣ’ ಎಂದಿತ್ತು. ಒಬ್ಬೊಬ್ಬರ ಮುಖದ ಕೆಳಗೂ ಅವರು ಇದುವರೆಗೆ ಏನೇನು ಆಗಿದ್ದರು ಎಂಬ ಪರಿಚಯ. ಮೊದಲನೆಯವರು ಸರಕಾರದ ಇಂಧನ ಖಾತೆಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಎರಡನೆಯವರು ದಿಲ್ಲಿಯಲ್ಲಿ ಅರ್ಥಶಾಸ್ತ್ರ ಕಲಿಸಿ, ಈಗ ಕರೆಂಟಿನ ದರ ಹೇಗಿರಬೇಕೆಂದು ಸಲಹೆ ಕೊಡುವವರು. ಮೂರನೆಯವನ ಮುಖ ಹುಬ್ಬಿನವರೆಗೆ ಇಳಿದಾಗ ಸಪ್ನಾ ಕತ್ತರಿಯನ್ನು ಕೆಳಗಿಟ್ಟಳು.

ಕೂದಲು ಹಿಂದೆ ಸರಿದಿತ್ತು. ಆದರೆ ಎಡಹುಬ್ಬನ್ನು ಸೀಳಿದ ಗೀರು ಹಾಗೆಯೇ ಇತ್ತು. ಆ ಗೀರನ್ನು ಅವಳು ಚಿಕ್ಕವಳಿದ್ದಾಗ ಬಾಗಿಲ ಮರೆಯಿಂದ ಬಹಳ ಹೊತ್ತು ನೋಡಿದ್ದಳು.

‘ಶ್ರೀ ಓಂಕಾರ. ಇಂಧನ ನೀತಿ ಹಾಗೂ ಸಾರ್ವಜನಿಕ ವ್ಯವಹಾರಗಳ ತಜ್ಞರು. ಕಾನೂನು ಪದವೀಧರರು. ಹಲವು ವಿದ್ಯುತ್ ಕಂಪನಿಗಳ ಸಲಹೆಗಾರರು. ಖಾನಾಪುರದ ಕಾಡಂಚಿನ ಹಳ್ಳಿಗಳಲ್ಲಿ ಒಂದೂ ತಕರಾರಿಲ್ಲದೆ ವಿದ್ಯುತ್ ಮಾರ್ಗ ಹಾಯಿಸಿ ಜನರ ವಿಶ್ವಾಸ ಗಳಿಸಿದವರು.’

“ಏ ಸಪ್ನಿ, ಸಾಲಿ ಬಿಟ್ಟಾಕಿ ಈಗ ಫ್ಲೆಕ್ಸ್ ಓದಿ ಪಾಸ್ ಆಗಾಕಿ ಏನು?” ಕಾಂತಕ್ಕ ಒಳಗಿನಿಂದ ಕೂಗಿದಳು. “ಅಂಚ ಮಡಚ ಲಗೂನ. ಆ ಸಾಹೇಬರ ಗದ್ದಕ್ಕ ನೆರಿಗಿ ಬಿದ್ದರ ನನಗ ಬೈತಾರ.”

ಸಪ್ನಾ ಅಂಚು ಮಡಚಿದಳು. ಅವಳು ಹೆಚ್ಚು ಮಾತಾಡುವವಳಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಮಾತ್ರ ಅಂಗಡಿಯ ಹಿಂದೆ ಹೋಗಿ ಊರಿಗೆ ಫೋನು ಮಾಡಿದಳು.

“ಅವ್ವಾ, ಭಂಡಾರ ಎತ್ತಿದ ಸಾಹೇಬ ಸಿಕ್ಕಾನ.”

ಆ ಕಡೆಯಿಂದ ಕುರಿಮರಿಗಳ ಸದ್ದಿನ ನಡುವೆ ಅವ್ವನ ದನಿ ಬಂತು: “ಎಲ್ಲಿ ಅದಾನ?”

ಸಪ್ನಾಳ ಊರು ಖಾನಾಪುರ ದಾಟಿ ಲೋಂಡಾ ಕಡೆಗೆ, ಕಾಡು ಶುರುವಾಗುವ ಕಡೆ. ಅಲ್ಲಿಯ ಮಳೆ ಕುರಿಗೆ ಆಗಿಬರುವುದಿಲ್ಲ. ಹಾಗಾಗಿ ಅವಳ ಅಪ್ಪ ಶಿವಲಿಂಗ ಪ್ರತಿ ವರ್ಷ ಮೋಡ ಕಟ್ಟುವ ಮೊದಲೇ ಕುರಿ ಹೊಡೆದುಕೊಂಡು ಬೈಲಹೊಂಗಲದ ಕಡೆಯ ಎರೆಹೊಲಗಳಿಗೆ ಹೋಗಿಬಿಡುತ್ತಿದ್ದ. ತಿರುಗಿ ಬರುವುದು ಮಳೆ ಪೂರ್ತಿ ನಿಂತ ಮೇಲೆ. ಸಪ್ನಾಳಿಗಿಂತ ಮೊದಲು ಹುಟ್ಟಿದ ಗುರುಸಿದ್ದ ಎಂಬ ಹುಡುಗ ಅಂಥದೇ ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋಗಿದ್ದ. ಹೊಲದ ಮೇಲಿನ ಅಂಚಿಗೆ ಅವನನ್ನು ಮಣ್ಣು ಮಾಡಿ, ತಲೆಯ ಕಡೆ ಒಂದು ಕಲ್ಲು ನೆಟ್ಟಿದ್ದರು. ಸುದ್ದಿ ತಿಳಿದು ಓಡಿಬಂದ ಅಪ್ಪನಿಗೆ ಮಗನ ಮುಖ ಸಿಗಲಿಲ್ಲ, ಆ ಕಲ್ಲು ಸಿಕ್ಕಿತು. ಊರಲ್ಲಿದ್ದಷ್ಟು ದಿನ ಅವನು ಸಂಜೆ ಅದರ ಪಕ್ಕ ಕೂತು ಉಣ್ಣೆ ನೂಲುತ್ತಿದ್ದ.

ಓಂಕಾರ ಬಂದದ್ದು ಸಪ್ನಾ ಸಾಲಿಗೆ ಹೋಗುತ್ತಿದ್ದಾಗ, ಅಪ್ಪ ಊರಲ್ಲಿಲ್ಲದಾಗ. ಬೆಳಗಾವಿಯ ಹುಡುಗ, ಆಗಿನ್ನೂ ತೆಳ್ಳಗಿದ್ದ. ಕನ್ನಡವೂ ಬರುತ್ತಿತ್ತು, ಮರಾಠಿಯೂ ಬರುತ್ತಿತ್ತು. ಕರೆಂಟಿನ ದೊಡ್ಡ ತಂತಿ ಎಳೆಯುವ ಕಂಪನಿ ಅವನನ್ನು ಜನರ ಮನ ಒಲಿಸಲು ಕಳಿಸಿತ್ತು. ಅವನು ಕಟ್ಟೆಯ ಮೇಲೆ ಕೂತು ಮಜ್ಜಿಗೆ ಅನ್ನ ಉಂಡ, ಉಂಡ ತಾಟು ತಾನೇ ತೊಳೆದ. ಸಪ್ನಾಳ ಅವ್ವ ಸಾತವ್ವನಿಗೆ “ಅವ್ವಾರ” ಅಂದ. ಕಂಬ ಹೊಲದ ಮೇಲಿನ ಅಂಚಿಗೆ ಬರುತ್ತದೆ ಎಂದಾಗ ಮಾತ್ರ ಸಾತವ್ವ ಎದ್ದು ನಿಂತಳು.

“ಅಲ್ಲಿ ನನ್ನ ಕೂಸ ಮಲಗೇತಿ.”

“ಕೂಸಿನ ಜಾಗಾ ಮುಟ್ಟೂದಿಲ್ಲರೀ. ಬಾಜೂಕ ಹಾಕ್ತೀವಿ.”

“ಹಂಗಾದ್ರ ಭಂಡಾರ ಎತ್ತು.”

ಮೈಲಾರಲಿಂಗನ ಒಕ್ಕಲಿನ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಅಂಗೈ ಮೇಲೆ ಪತ್ರಿಯ ಎಲೆ, ಅದರ ಮೇಲೆ ದೇವರ ಅರಿಷಿಣ. ಅದನ್ನು ಎತ್ತಿ ಆಡಿದ ಮಾತು ಜಮೀನು ಪಾಲು ಮಾಡುತ್ತದೆ, ಕಳ್ಳನನ್ನು ಬಿಡಿಸುತ್ತದೆ, ಮುರಿದ ಮದುವೆ ಕೂಡಿಸುತ್ತದೆ. ಸಪ್ನಾಳೇ ಜಗಲಿಯ ಮೇಲಿನ ಭಂಡಾರದ ಚೀಲ ತಂದುಕೊಟ್ಟಳು. ಓಂಕಾರ ಎತ್ತಿದ. ಸಾತವ್ವ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು.

ಓಂಕಾರ ಮತ್ತೆ ಬರಲಿಲ್ಲ. ಕಂಬ ನಿಲ್ಲಿಸಲು ಬಂದವರು ಬೇರೆ ಜನ, ಅವರ ಭಾಷೆ ಯಾರಿಗೂ ತಿಳಿಯಲಿಲ್ಲ. ಸಾತವ್ವ ಕುರಿಮರಿಗೆ ಔಷಧ ತರಲು ಖಾನಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಯಂತ್ರ ಅಗೆದು ಮುಗಿಸಿತ್ತು. ಕಂಬದ ನಾಲ್ಕು ಕಾಲುಗಳಲ್ಲಿ ಒಂದು, ತಲೆಗಲ್ಲು ಇದ್ದಲ್ಲೇ ಇಳಿದಿತ್ತು.

ಮಳೆಗಾಲ ಮುಗಿಸಿ ಬಂದ ಶಿವಲಿಂಗ ಕಾಂಕ್ರೀಟಿನ ಮುಂದೆ ನಿಂತ. ಹೆಂಡತಿ ಅಳುತ್ತ ಎಲ್ಲ ಹೇಳಿದಳು. ಅವನು ಕೇಳಿಸಿಕೊಂಡ. ಕೊನೆಗೆ ಅವನು ಅಂದದ್ದು ಇಷ್ಟು: “ಭಂಡಾರ ಎತ್ತಿ ಸುಳ್ಳ ಹೇಳಾವ ಈ ಭೂಮಿ ಮ್ಯಾಲ ಇಲ್ಲ. ಅಂವ ಎತ್ತಿಲ್ಲ. ನೀನ ಹೂಂ ಅಂದಿ.”

ಸಪ್ನಾ ತಾನು ನೋಡಿದ್ದೇನೆ ಎಂದಳು. ಅವ್ವ ಹೇಳಿಕೊಟ್ಟದ್ದು ಎಂದುಕೊಂಡ. ಅಂದಿನಿಂದ ಅವನು ಸಾತವ್ವನ ಕೈಯ ಊಟ ಬಿಡಲಿಲ್ಲ, ಬಯ್ಯಲಿಲ್ಲ, ಹೊಡೆಯಲಿಲ್ಲ. ಆದರೆ ಆದಿತ್ಯವಾರ ಪೂಜೆ ಮುಗಿಸಿ ಎಲ್ಲರ ಹಣೆಗೆ ಭಂಡಾರ ಹಚ್ಚುವಾಗ ಅವಳನ್ನು ದಾಟಿ ಮುಂದೆ ಹೋಗುತ್ತಿದ್ದ. ಮಗಳಿಗೆ ಹಚ್ಚುತ್ತಿದ್ದ, ನಾಯಿಗೆ ಹಚ್ಚುತ್ತಿದ್ದ, ಹಿಂಡಿನ ಮುಂದಿನ ಟಗರಿಗೆ ಹಚ್ಚುತ್ತಿದ್ದ. ಇದು ಊರಿಗೆಲ್ಲ ತಿಳಿಯಿತು. ಸಾಲಿಯಲ್ಲಿ ಹುಡುಗಿಯರು “ನಿಮ್ಮವ್ವ ಮಗನ ಗುಂಡಿ ಕಂಪನಿಗೆ ಕೊಟ್ಟಾಳಂತ” ಅಂದರು. ಸಪ್ನಾ ಸಾಲಿ ಬಿಟ್ಟಳು.

ಓಂಕಾರ ಒಮ್ಮೆ ಬಂದು ಹೌದು, ನಾನು ಎತ್ತಿದ್ದೆ ಅಂದರೆ ಸಾಕಿತ್ತು. ಅವ್ವ ವರ್ಷಾನುಗಟ್ಟಲೆ ಕಾದದ್ದು ಆ ಒಂದು ಮಾತಿಗೆ.

ಸಂಕಿರಣ ಆದಿತ್ಯವಾರವೇ ಇತ್ತು. ಮಗಳನ್ನು ನೋಡಲು ಹೋಗುತ್ತೇನೆಂದು ಗಂಡನಿಗೆ ಹೇಳಿ ಸಾತವ್ವ ಬೆಳಗಿನ ರೈಲಿಗೆ ಬಂದಳು. ಇಸ್ತ್ರಿ ಕಾಣದ ಇಳಕಲ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಭಂಡಾರದ ಚೀಲ. ಕಾಂತಕ್ಕನ ಅಂಗಡಿಯ ಫ್ಲೆಕ್ಸ್ ಸಭಾಂಗಣದ ಬಾಗಿಲಲ್ಲಿ ತೂಗುತ್ತಿತ್ತು. ಸಾತವ್ವ ತಲೆ ಎತ್ತಿ ನೋಡಿ, “ಚಲೋ ದಪ್ಪ ಆಗ್ಯಾನ” ಅಂದಳು.

ತಾಯಿ ಮಗಳು ಹಿಂದಿನ ಸಾಲಿನಲ್ಲಿ ಕೂತರು. ನಿರೂಪಕಿ ಒಬ್ಬೊಬ್ಬರ ಪರಿಚಯ ಓದಿದಳು. ಎಲ್ಲಿ ಕಲಿತರು, ಯಾವ ಹುದ್ದೆ, ಯಾವ ಸಮಿತಿ. ಒಂದೊಂದಕ್ಕೂ ಚಪ್ಪಾಳೆ. ಓಂಕಾರ ಎದ್ದು ಮೈಕು ಸರಿಮಾಡಿಕೊಂಡ. ಸಪ್ನಾ ಮೊಬೈಲು ತೆಗೆದು ರೆಕಾರ್ಡಿಂಗ್ ಒತ್ತಿ ಮಡಿಲಲ್ಲಿಟ್ಟಳು.

ಸ್ವಲ್ಪ ಹೊತ್ತು ಅವನ ಮಾತು ಅವಳಿಗೆ ಹತ್ತಲಿಲ್ಲ. ಆಮೇಲೆ ಅವನು ನಕ್ಕು ದನಿ ಇಳಿಸಿದ.

“ಸ್ನೇಹಿತರೆ, ನನ್ನ ನಿಜವಾದ ಕಾಲೇಜು ಖಾನಾಪುರ. ಅಲ್ಲಿ ಒಬ್ಬ ಹೆಣ್ಣುಮಗಳು, ಕುರಿಯವರು, ನಕ್ಷೆ ತೋರಿಸಿದೆ, ನೋಡಲಿಲ್ಲ. ಕಾನೂನು ಹೇಳಿದೆ, ಕೇಳಲಿಲ್ಲ. ‘ಭಂಡಾರ ಎತ್ತು’ ಅಂದಳು. ‘ನಿನ್ನ ಕೂಸಿನ ಜಾಗ ಮುಟ್ಟುವುದಿಲ್ಲ’ ಅಂತ ಅರಿಷಿಣ ಎತ್ತಿದೆ. ಮುಗೀತು! ಬೇರೆ ಕಡೆ ಮೂರು ವರ್ಷ ಕೋರ್ಟಿನಲ್ಲಿ ಕೊಳೆಯುವ ಕೆಲಸ, ಇಲ್ಲಿ ಒಂದು ಚಿಟಿಕೆ ಅರಿಷಿಣದಲ್ಲಿ ಆಯಿತು. ಜನರ ಭಾಷೆ ಅಂದರೆ ಇದು.”

ಸಭೆ ನಕ್ಕಿತು, ಚಪ್ಪಾಳೆ ಬಿತ್ತು. ಸಾತವ್ವ ಮಗಳ ತೋಳು ಹಿಡಿದಳು. ಬೆರಳು ನಾಟುವಷ್ಟು ಬಿಗಿಯಾಗಿ ಹಿಡಿದಳು.

“ಅಂದ ನೋಡ! ಇಷ್ಟ ಮಂದಿ ಮುಂದ ಅಂದ! ಅದರಾಗ ಬಂತಿಲ್ಲ?”

“ಬಂತವ್ವಾ.”

ಅವ್ವ ಹಾಗೆ ನಕ್ಕದ್ದನ್ನು ಸಪ್ನಾ ಯಾವಾಗ ನೋಡಿದ್ದಳೋ ನೆನಪಿರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ನಗುತ್ತಿದ್ದಳು.

ಊಟದ ಬಿಡುವಿನಲ್ಲಿ ಅವರು ಅವನನ್ನು ಬಾಗಿಲ ಬಳಿ ಹಿಡಿದರು. ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕಾಗಲಿಲ್ಲ.

“ಅಯ್ಯ, ಅವ್ವಾರ! ಸಾತವ್ವಾರಲ್ಲರೀ? ಈಗ ನಿಮ್ಮ ಮಾತ ಹೇಳಿದ್ನಿ ನೋಡ್ರಿ! ಉಂಡ್ರೇನು? ಬರ್ರಿ, ಉಣ್ಣೂಣು.” ಖರೇ ಖುಷಿಯಿಂದಲೇ ಅಂದ. “ಹುಡುಗನ ಕಲ್ಲ ಚಂದ ಐತಿಲ್ಲರೀ?”

ಅವನಿಗೆ ಗೊತ್ತಿರಲಿಲ್ಲ. ಸಪ್ನಾಳಿಗೆ ಅದು ಆಗಲೇ ತಿಳಿಯಿತು. ಇಷ್ಟು ವರ್ಷ ಅವನು ಕೇಳಿಯೂ ಇರಲಿಲ್ಲ.

“ಕಂಬದ ಕಾಲ ಅವನ ಮ್ಯಾಲೇ ಐತಿ ತಮ್ಮಾ,” ಅಂದಳು ಸಾತವ್ವ.

ಓಂಕಾರನ ಕೈಯಲ್ಲಿದ್ದ ತಾಟು ಓರೆಯಾಗಿ ಸಾರು ಅಂಚಿಗೆ ಬಂತು. “ಹೆಂಗ ಸಾಧ್ಯ? ನಾ ಹೇಳಿದ್ನೆಲ್ಲ ಅವರಿಗೆ... ಅಗಿಯುವಾಗ ಕೆಳಗ ಕಲ್ಲಬಂಡಿ ಹತ್ತಿ ಕಂಬ ಸರಿಸಿರಬೇಕು. ನನ್ನ ಅಷ್ಟರಾಗ ಹುಬ್ಬಳ್ಳಿಗೆ ಹಾಕಿದ್ರು, ಅವ್ವಾರ. ನನಗ ಖರೇನ ಗೊತ್ತಿಲ್ಲ.”

“ಆಗ್ಲಿ. ನೀ ಒಮ್ಮೆ ಬಂದು ನಮ್ಮ ಮನಿಯವರಿಗೆ ಹೇಳ. ಎತ್ತಿದ್ನಿ ಅಂತ ಅಷ್ಟ ಹೇಳ. ನಾ ಕೊಟ್ಟಿಲ್ಲ ಅಂತ ಹೇಳ.”

“ಬರ್ತೀನಿ. ಖರೇ ಬರ್ತೀನಿ.” ಅವನ ಕಣ್ಣು ತೇವವಾಗಿತ್ತು, ಅದೂ ಸುಳ್ಳಲ್ಲ.

ಸಾತವ್ವ ಚೀಲ ಬಿಚ್ಚಿ ಒಂದು ಚಿಟಿಕೆ ಭಂಡಾರ ತೆಗೆದಳು. ಅವನು ಬಗ್ಗಿದ. ಅವಳು ಅವನ ಹಣೆಗೆ ಹಚ್ಚಿದಳು, ಮಗನಿಗೆ ಹಚ್ಚುವ ಹಾಗೆ. ಅಷ್ಟರಲ್ಲಿ ವೇದಿಕೆಯಿಂದ ಯಾರೋ “ಸರ್, ಫೋಟೋ!” ಎಂದು ಕೂಗಿದರು. ಓಂಕಾರ ಕೈ ಮುಗಿದು ಓಡಿದ.

ವೇದಿಕೆಯ ಮೆಟ್ಟಿಲಲ್ಲಿ ಅವನು ಕರವಸ್ತ್ರ ತೆಗೆದದ್ದನ್ನು ಸಪ್ನಾ ನೋಡಿದಳು. ಹಣೆ ಒರೆಸಿಕೊಂಡ. ಕಾಲರಿಗೆ ಉದುರಿದ್ದನ್ನು ಬೆರಳಿಂದ ಚಿಮ್ಮಿದ. ಆಮೇಲೆ ಇಬ್ಬರು ತಜ್ಞರ ನಡುವೆ ನಿಂತು ನಕ್ಕ. ಅವಳು ತಿರುಗಿ ನೋಡಿದರೆ ಅವ್ವನೂ ಅದನ್ನೇ ನೋಡುತ್ತಿದ್ದಳು.

ತಿರುಗಿ ಹೋಗುವ ರೈಲಿನಲ್ಲಿ ಸಾತವ್ವ ಕಿಟಕಿಯ ಬದಿ ಕೂತಳು. ಮಗಳು ಜೊತೆಗೆ ಹೊರಟದ್ದೇ ಅಪ್ಪನಿಗೆ ಆ ರೆಕಾರ್ಡಿಂಗ್ ಕೇಳಿಸಲು. ದೇಸೂರಿನಲ್ಲಿ ಎದುರಿನ ಗಾಡಿಗಾಗಿ ರೈಲು ನಿಂತಿತು.

“ಸಪ್ನೀ, ಭಂಡಾರ ಎತ್ತಿ ಸುಳ್ಳಾದಾವ ಹೆಂಗ ಆಗ್ತಾನಂತ ಹೇಳ್ತಿದ್ದ ನಿಮ್ಮಪ್ಪ?”

“ಮೈ ಒಣಗಿ, ಮನಿ ಮುರದ, ಬಾಗಿಲ ಬಾಗಿಲ ಬೇಡ್ತಾನಂತ.”

“ಹಂಗ ಇದ್ದನೇನು ಅಂವ?”

ಸಪ್ನಾ ಕೈಯಲ್ಲಿದ್ದ ಮೊಬೈಲು ನೋಡಿದಳು.

“ಮೈಮ್ಯಾಲ ಶಾಲ ಹಾಕಿದ್ರು. ಭಂಡಾರ ಎತ್ತಿದ್ದ ಹೇಳಿ ನಗಿಸಿದ. ಅದನ್ನ ನಿಮ್ಮಪ್ಪ ಕೇಳಬೇಕೇನು?”

“ಕೇಳಿದ್ರ ನಿನ್ನ ಮ್ಯಾಲಿಂದು ಹೋಗ್ತೈತಲ್ಲವ್ವಾ!” ಸಪ್ನಾಳ ದನಿ ಏರಿತು. ಎದುರಿಗೆ ಕೂತ ಹೆಂಗಸು ತಿರುಗಿ ನೋಡಿದಳು. “ಇಷ್ಟ ವರ್ಷ ನೀ ಅತ್ತಿದ್ದು ಯಾಕ ಹಂಗಾದ್ರ?”

“ನನ್ನ ಮ್ಯಾಲಿಂದು ಹೋಗ್ತೈತಿ. ನಿಮ್ಮಪ್ಪನ ಕೈಯಾಗ ಏನ ಉಳಿತೈತಿ? ಮಗಾ ಹೋದ. ಮಗನ ಕಲ್ಲ ಹೋತು. ಈ ದೇವರ ಮ್ಯಾಲ ಕೈ ಇಟ್ಕೊಂಡ ಬೆಳಿಗ್ಗೆ ಏಳ್ತಾನ ಅಂವ. ಹೆಂಡ್ತಿ ಸುಳ್ಳ ಅಂದ್ರ ತಡಕೊಂಡಾನ. ಭಂಡಾರ ಸುಳ್ಳ ಅಂದ್ರ ತಡಕೊಳ್ಳಾಂಗಿಲ್ಲ.” ಸಾತವ್ವ ಕಿಟಕಿಯ ಸರಳು ಹಿಡಿದುಕೊಂಡಳು. “ಅದನ್ನ ಅಳಿಸಿಬಿಡ ಯವ್ವಾ. ನಾ ಕೇಳೀನಿ, ನೀ ಕೇಳೀದಿ. ಸಾಕು.”

ಎದುರಿನ ಗಾಡಿ ಬಂದು ಹೋಯಿತು. ಅವರ ರೈಲು ಅಲುಗಿದಾಗ ಸಪ್ನಾ ರೆಕಾರ್ಡಿಂಗ್ ಅಳಿಸಿದಳು. ಖಾನಾಪುರ ಬರುವವರೆಗೂ ಆ ಮೊಬೈಲನ್ನು ಅವಳು ಬಿಸಿ ಪಾತ್ರೆಯ ಹಾಗೆ ಸೆರಗಿನಲ್ಲಿ ಹಿಡಿದುಕೊಂಡಿದ್ದಳು.

ಟಂಟಂ ಆಟೋ ಇಳಿದು ಮನೆ ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಪ್ಪ ಪೂಜೆ ಮುಗಿಸಿ ಕೂತಿದ್ದ. ಮಗಳನ್ನು ಕಂಡು ಮುಖ ಅರಳಿತು. “ಬಾ ಯವ್ವಾ” ಎಂದು ಕರೆದು ಹಣೆಗೆ ಭಂಡಾರ ಹಚ್ಚಿದ. ನಾಯಿಗೆ ಹಚ್ಚಿದ. ಟಗರಿನ ಕಡೆ ಹೋಗುವಾಗ ಬಾಗಿಲಲ್ಲಿ ನಿಂತ ಸಾತವ್ವನನ್ನು ದಾಟಿದ. ಅವಳು ದಾರಿ ಬಿಡಲು ಸ್ವಲ್ಪ ಪಕ್ಕಕ್ಕೆ ಸರಿದಳು.

ಆಮೇಲೆ ತನ್ನ ಚೀಲ ಹಿಡಿದು, ಪ್ರತಿ ಆದಿತ್ಯವಾರದ ಹಾಗೆ, ಹೊಲದ ಮೇಲಿನ ಅಂಚಿಗೆ ಹೋದಳು. ಮೇಲೆ ತಂತಿಗಳು ಗುಂಯ್ ಅನ್ನುತ್ತಿದ್ದವು. ಕಂಬದ ಕಾಲ ಬುಡದಲ್ಲಿ ಕೂತು ಕಾಂಕ್ರೀಟಿಗೆ ಭಂಡಾರ ಹಚ್ಚತೊಡಗಿದಳು. ಅಲ್ಲಿ ಹಚ್ಚಿ ಹಚ್ಚಿ ಒಂದು ಹಳದಿ ಕಲೆ ಯಾವ ಮಳೆಗೂ ಹೋಗದ ಹಾಗೆ ಕೂತಿತ್ತು.

ಅಪ್ಪ ಅಂಗಳದಲ್ಲಿ ನಿಂತು ನೋಡುತ್ತಿದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು.

“ತಪ್ಪ ಬೇಡ್ಕೊತಾಳ ನೋಡ ನಿಮ್ಮವ್ವ. ಮಾಡಿದ್ದು ಆಕಿ ಜೀವಕ್ಕ ಗೊತ್ತೈತಿ. ಭಂಡಾರ ಯಾರನ್ನೂ ಬಿಡೂದಿಲ್ಲ, ಹೌದಿಲ್ಲೋ?”

ಸಪ್ನಾ ಅವ್ವನ ಬಗ್ಗಿದ ಬೆನ್ನು ನೋಡಿದಳು.

“ಹೂಂ ಅಪ್ಪಾ” ಅಂದಳು.