ಚಾವಡಿ ಹಬ್ಬದ ರೊಟ್ಟಿಗಂಟು

ಸುಮಲತಾ ಅಂಗಳ ಅರ್ಧ ಸಾರಿಸಿದ್ದಳು. ಓಣಿಯುದ್ದಕ್ಕೂ ಕೇಳಿಸುತ್ತ ಬಂದ ಮೆರವಣಿಗೆಯ ಹಲಗೆ ಸದ್ದು ಅವಳ ಮನೆಯ ಮುಂದೆ ಥಟ್ಟನೆ ನಿಂತಿತು. ಸಗಣಿ ಕೈಯಲ್ಲೇ ತಲೆಯೆತ್ತಿ ನೋಡಿದರೆ, ಬಾಗಿಲಿಗೆ ನಸುಕಿನಲ್ಲಿ ತಾನೇ ಕಟ್ಟಿದ್ದ ರೊಟ್ಟಿಗಂಟು ಇರಲಿಲ್ಲ.

ಕಾನಹೊಸಹಳ್ಳಿ ಆಚೆಯ ಆ ಊರಿನಲ್ಲಿ ಅಂದು ಚಾವಡಿ ಹಬ್ಬ. ಬ್ರಿಟಿಷರ ಕಾಲದಲ್ಲಿ, ಹೆಂಡದ ವಿರುದ್ಧದ ಚಳವಳಿಯಲ್ಲಿ ಈಚಲು ಮರ ಕಡಿದವರನ್ನು ಜೈಲಿಗೆ ಒಯ್ಯುವ ಮುಂಚೆ ಊರ ಚಾವಡಿಯಲ್ಲಿ ಕೂಡಿಹಾಕಿದ್ದರು. ಹೆಂಗಸರು ರೊಟ್ಟಿ ಕಟ್ಟಿ ಕಳಿಸಿದ್ದರು. ಆ ನೆನಪಿಗೆ ಇಂದಿಗೂ ಮನೆಮನೆಯ ಬಾಗಿಲಿಗೆ ಗಂಟು ತೂಗುತ್ತದೆ; ಮೆರವಣಿಗೆಯವರು ಬಿಚ್ಚಿಕೊಂಡು ಹೋಗುತ್ತಾರೆ, ಚಾವಡಿಯ ಮುಂದೆ ಎಲ್ಲರೂ ಹಂಚಿ ತಿನ್ನುತ್ತಾರೆ. ಗಂಟಿಲ್ಲದ ಬಾಗಿಲೆಂದರೆ ಒಳಗೆ ಸಾವಾಗಿದೆ ಎಂದೇ ಅರ್ಥ.

ಮೆರವಣಿಗೆಯ ಮುಂದಿದ್ದ ಪಾಲಾಕ್ಷಪ್ಪಜ್ಜ ಟೋಪಿ ತೆಗೆದ. ಅಂದು ಚಾವಡಿಯೊಳಗಿದ್ದವರಲ್ಲಿ ಒಬ್ಬರ ಮಗ ಆತ. ದನಿ ತಗ್ಗಿಸಿ ಕೇಳಿದ: "ಯಾರವ್ವಾ? ಕನಕಮ್ಮೇನು?"

ಒಳಗಿನಿಂದ ಸುಮಲತಾಳ ಅತ್ತೆ ಕನಕಮ್ಮನೇ ಉತ್ತರ ಕೊಟ್ಟಳು: "ನಾನಿನ್ನೂ ಚಾ ಕುಡ್ಯಾಕ ಹತ್ತೀನ್ರಿ. ಅವಸರಿದ್ರ ನೀವ ಮುಂದ ನಡೀರಿ."

ಮೆರವಣಿಗೆಯೆಲ್ಲ ನಕ್ಕಿತು. ನಗದೆ ನಿಂತವಳು ಕ್ರಾಂತಿ ಒಬ್ಬಳೇ. ಮೂರನೇ ಇಯತ್ತೆ ಓದುವ ಮಗಳು ಬಾಗಿಲ ಸಂದಿನಲ್ಲಿ ಕೈ ಹಿಂದೆ ಕಟ್ಟಿ ನಿಂತಿದ್ದಳು. ಬೆನ್ನ ಹಿಂದಿನಿಂದ ಗಂಟಿನ ಹಸಿರು ಬಟ್ಟೆ ಇಣುಕುತ್ತಿತ್ತು.

ಸುಮಲತಾಗೆ ಕಾರಣ ಗೊತ್ತಿತ್ತು. "ನಿಮ್ಮ ಮುತ್ತಜ್ಜ ತಳವಾರ, ನಮ್ಮೋರಿಗೆ ಕೀಲಿ ಹಾಕಿದಾವ" ಎಂದು ಶಾಲೆಯಲ್ಲಿ ಹುಡುಗರು ಆಡಿಕೊಂಡದ್ದನ್ನು ಪಕ್ಕದ ಮನೆಯ ಅಂಜಿನಕ್ಕ ನಿನ್ನೆಯೇ ಹೇಳಿದ್ದಳು. ಕೀಲಿ ಹಾಕಿದ್ದು ನಿಜ, ಊರ ಕಾವಲು ಅವನ ಸರ್ಕಾರಿ ಚಾಕರಿ. ಅಂದು ಚಾವಡಿಯ ಕಿಟಕಿಯೊಳಗೆ ಹೋದ ಮೊದಲ ರೊಟ್ಟಿ ಅವನ ಮನೆಯ ಒಲೆಯದು ಎಂಬುದೂ ನಿಜ. ಮದುವೆಯಾಗಿ ಬಂದ ಹೊಸದರಲ್ಲಿ ಕನಕಮ್ಮ ಅವಳಿಗೆ ಹೇಳಿದ್ದಳು. ಮಗಳಿಗೂ ರಾತ್ರಿಯೇ ಹೇಳಬಹುದಿತ್ತು. ಆದರೆ ಕೂಸು ಊಟವನ್ನೂ ಸರಿಯಾಗಿ ಮಾಡದೆ, ಬಾಯಿ ಬಿಗಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿತ್ತು. ತಾನಾಗಿಯೇ ಕೇಳಲಿ ಎಂದು ಸುಮಲತಾ ಕಾದಿದ್ದಳು.

ಈಗಲೂ ಬೈಯಲಿಲ್ಲ. ಮೊಣಕೈಯಿಂದ ಮಗಳ ಹಣೆಯ ಕೂದಲು ಸರಿಸಿದಳು.

"ಬಿಚ್ಚಿದಾಕಿ ನೀನ. ಕೊಡಾಕಿನೂ ನೀನ ಆಗು, ನಮ್ಮವ್ವ."

ಕ್ರಾಂತಿ ಅರೆಹಸಿ ಅಂಗಳದಲ್ಲಿ ಹೆಜ್ಜೆ ಮೂಡಿಸುತ್ತ ಹೋದಳು. ಅಜ್ಜ ಕೈಯೊಡ್ಡಿದ. ಅವಳು ಗಂಟನ್ನು ಎದೆಗವಚಿಕೊಂಡೇ ಅವನ ಮುಖ ನೋಡಿದಳು.

"ಅಜ್ಜಾ, ನಿಮ್ಮಪ್ಪಗ ಕೀಲಿ ಹಾಕಿದಾತ ನಮ್ಮ ಮುತ್ತಜ್ಜ ಅಲ್ಲೇನ್ರಿ? ಮತ್ತ ನಮ್ಮನಿ ರೊಟ್ಟಿ ನೀವು ಹೆಂಗ ತಿಂತೀರಿ?"