ಹದಿನೇಳು ಬೀಡಿಯಷ್ಟು ಬೆಂದ ಮೊಟ್ಟೆ

ಎಲ್ಲಿಂದ ಶುರು ಮಾಡುವುದು ಹೇಳಿ? ಮೊಟ್ಟೆಯಿಂದ ಮಾಡಿದರೆ ಮೊದಲು ಕೋಳಿಯೋ ಅಂತ ಕೇಳುತ್ತೀರಿ. ಏರ್ ಫ್ರೈಯರಿನಿಂದ ಮಾಡಿದರೆ ಜಾಹೀರಾತು ಅಂದುಕೊಂಡು ಪುಟ ತಿರುಗಿಸುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ಹಟ್ಟಿಯಂಗಡಿ ಊರಿನ ಬೆಳಗನ್ನು ಅರ್ಧ ಪುಟ ವರ್ಣಿಸಿದ್ದೆ. ಓದಿ ನನಗೇ ಆಕಳಿಕೆ ಬಂತು, ಹರಿದು ಹಾಕಿದೆ. ನೇರ ವಿಷಯಕ್ಕೆ ಬರುತ್ತೇನೆ: ಮಧ್ಯಾಹ್ನ ಹನ್ನೆರಡಾಗಿದೆ, ಚಂದ್ರಾವತಿ ಹೊಸ ಯಂತ್ರದೆದುರು ನಿಂತಿದ್ದಾಳೆ.

೧

ಅರವತ್ತಾರರ ಚಂದ್ರಾವತಿ ಮಗಳು ಸುರಕ್ಷಾ ಮತ್ತು ಐದು ವರ್ಷದ ಮೊಮ್ಮಗಳು ಅನಿಷಾ ಜೊತೆ ಇರುವವಳು. ಅಳಿಯ ಪೂನಾದ ಹೋಟೆಲಿನಲ್ಲಿ. ಸುರಕ್ಷಾ ಕುಂದಾಪುರದ ಬಟ್ಟೆ ಅಂಗಡಿಗೆ ಹೋದರೆ ಬರುವುದು ಸಂಜೆಗೆ. ಹನ್ನೆರಡೂವರೆಗೆ ಶಾಲೆಯ ವ್ಯಾನು ಅನಿಷಾಳನ್ನು ಮೇನ್ ರೋಡಿನಲ್ಲಿ ಇಳಿಸುತ್ತದೆ. ಅಜ್ಜಿ ಹೋಗಿ ಕರೆತಂದು ಉಣ್ಣಿಸಬೇಕು. ಮೊಟ್ಟೆ ಇಲ್ಲದಿದ್ದರೆ ಮಗುವಿನ ಗಂಟಲಲ್ಲಿ ಒಂದು ತುತ್ತೂ ಇಳಿಯುವುದಿಲ್ಲ.

ಹೋದ ತಿಂಗಳು ಚಂದ್ರಾವತಿ ಗ್ಯಾಸಿನ ಮೇಲೆ ಮೊಟ್ಟೆ ಇಟ್ಟು ವ್ಯಾನಿಗೆ ಹೋದಳು. ದಾರಿಯಲ್ಲಿ ನೆರೆಮನೆಯ ಸುಗುಣ ಸಿಕ್ಕಿದಳು, ಮಾತಿಗೆ ಮಾತು ಬೆಳೆಯಿತು. ಒಲೆಯ ನೆನಪೇ ಹಾರಿಹೋಯಿತು. ನೀರು ಬತ್ತಿ, ಮೊಟ್ಟೆ ಸಿಡಿದು, ಪಾತ್ರೆ ಕರಟಿ, ಮನೆ ತುಂಬ ಹೊಗೆ. ಸದ್ಯ, ಯಾರಿಗೂ ಏನೂ ಆಗಲಿಲ್ಲ. ಅಂದಿನಿಂದ ಸುರಕ್ಷಾ ಹಗಲು ಹೊತ್ತು ಗ್ಯಾಸಿನ ರೆಗ್ಯುಲೇಟರನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಾಳೆ. ನಿನ್ನೆ ಏರ್ ಫ್ರೈಯರ್ ತಂದು ಒಂದೇ ದಿನದ ಗಡುವು ಕೊಟ್ಟಳು, ಅದರಲ್ಲಿ ಮೊಟ್ಟೆ ಸರಿಯಾಗಿ ಬೇಯಬೇಕು.

"ನಾಳಿ ಒಂದಿನ ಕಾಂತೆ ಅಮ್ಮ. ಸರಿ ಆಯ್ಲಿಲ್ಲ ಅಂದ್ರೆ ಹೆಣ್ಣನ್ನ ಬ್ರಹ್ಮಾವರದ ಅತ್ತಿ ಮನಿಯಂಗ್ ಬಿಡ್ತೆ."

ಹೆಣ್ಣು ಅಂದರೆ ಅನಿಷಾ. ಆ ನಾಳೆ ಇವತ್ತು.

೨

"ಹ್ವಾಯ್," ಅಂತ ಚಂದ್ರಾವತಿ ನನ್ನ ಕಡೆ ತಿರುಗಿದಳು. "ನಂಗೆ ಈ ಮರೆವು ಕೊಟ್ಟದ್ದ್ ಯಾರ್? ನೀವಲ್ದಾ?"

(ಯಾರಾದರೊಬ್ಬರು ಏನಾದರೂ ಮರೆಯದಿದ್ದರೆ ಕತೆ ಮುಂದೆ ಹೋಗುವುದು ಹೇಗೆ ಅಂತ ಗೊಣಗಿದೆ.)

"ನಿಮ್ ಕತಿಗೆ ಬೇಕ್ ಅಂದೇಳಿ ನನ್ ತಲಿಗೆ ಕೈ ಹಾಕುದಾ? ನಿಮ್ದಕ್ಕೇ ಹಾಕ್ಕಣಿ ಕಾಂಬ!"

ನನಗೆ ಮುಖ ಎತ್ತಲಾಗಲಿಲ್ಲ. ಅಳಿಸಿಬಿಡಲೇ ಅಂದುಕೊಂಡೆ. ಆದರೆ ಮರೆವು ಅಳಿಸಿದರೆ ಹೊಗೆ ಹೋಗುತ್ತದೆ, ಹೊಗೆ ಹೋದರೆ ಏರ್ ಫ್ರೈಯರ್ ಹೋಗುತ್ತದೆ, ನಿಮಗೆ ತೋರಿಸಲು ನನ್ನ ಹತ್ತಿರ ಖಾಲಿ ಹಾಳೆ ಮಾತ್ರ ಉಳಿಯುತ್ತದೆ. ಇಟ್ಟುಕೊಂಡೆ. ನಾಚಿಕೆಯಾಗುತ್ತದೆ, ಆದರೂ ಇಟ್ಟುಕೊಂಡೆ.

೩

ಯಂತ್ರದ ಮೇಲೆ ಸುರಕ್ಷಾ ಚೀಟಿ ಅಂಟಿಸಿದ್ದಾಳೆ: ನೂರ ನಲವತ್ತು ಡಿಗ್ರಿ, ಹದಿನೈದು ನಿಮಿಷ, ನೀರು ಬೇಡ.

"ನೀರಿಲ್ದೆ ಬೇಯುಕೆ ಅದೆಂತ ಹಪ್ಪಳವಾ?" ಅನ್ನುತ್ತಲೇ ಚಂದ್ರಾವತಿ ಎರಡು ಮೊಟ್ಟೆಗಳನ್ನು ಬುಟ್ಟಿಯಲ್ಲಿಟ್ಟು ಗುಂಡಿ ಒತ್ತಿದಳು. ಗುಂಯ್ ಅಂತ ಶಬ್ದ ಶುರುವಾಯಿತು. ಸಿಡಿದರೆ? ಒಳಗೇ ಬೆಂಕಿ ಹತ್ತಿದರೆ? ಅವಳು ಅಲ್ಲಿಂದ ಕದಲಲಿಲ್ಲ. ಯಂತ್ರದೆದುರೇ ಕುಳಿತು ಬೀಡಿ ಎಲೆಯ ಗೆರಸಿಯನ್ನು, ಅಂದರೆ ಮೊರವನ್ನು, ಮಡಿಲಿಗೆ ಎಳೆದುಕೊಂಡು ಬೀಡಿ ಕಟ್ಟತೊಡಗಿದಳು. ನಲವತ್ತು ವರ್ಷದ ಕೆಲಸ. ಇಪ್ಪತ್ತೈದು ಬೀಡಿಗೆ ಒಂದು ಕಟ್ಟು, ಒಂದು ಕಟ್ಟಿಗೆ ಹದಿನೈದು ನಿಮಿಷ. ಬೇರೆ ಏನು ಮರೆತರೂ ಈ ಲೆಕ್ಕ ಅವಳಿಗೆ ತಪ್ಪಿದ್ದಿಲ್ಲ. ಗಡಿಯಾರ ನೋಡಿ ನಾನೇ ಪರೀಕ್ಷಿಸಿದ್ದೇನೆ.

ಹದಿನೇಳನೆಯ ಬೀಡಿಗೆ ನೂಲು ಸುತ್ತುವಾಗ ಕರೆಂಟು ಹೋಯಿತು.

(ಇದು ಮಾತ್ರ ನನ್ನ ಕೆಲಸವಲ್ಲ. ಆಣೆ.)

ಬೀಡಿ ಕಟ್ಟುವ ಕೈಯೂ ನಿಂತಿತು. ಕರೆಂಟು ಬಂದದ್ದು ಹನ್ನೆರಡು ಇಪ್ಪತ್ತೈದಕ್ಕೆ. ಯಂತ್ರ ಏನೂ ಆಗದವರ ಹಾಗೆ ಮತ್ತೆ ಹದಿನೈದು ನಿಮಿಷ ತೋರಿಸಿತು.

"ನಿಂಗೂ ಮರೆವಾ?" ಅಂದಳು ಚಂದ್ರಾವತಿ. ಒಂದು ಕ್ಷಣ ಅವಳ ಮುಖದಲ್ಲಿ ನಗು ಸುಳಿಯಿತು. ಗೆರಸಿಯಲ್ಲಿದ್ದ ಬೀಡಿ ಎಣಿಸಿದಳು: ಹದಿನೇಳು. ಇನ್ನು ಎಂಟು. ಅಂದರೆ ಐದು ನಿಮಿಷ. ಬೆರಳಲ್ಲಿ ಒತ್ತಿ ಒತ್ತಿ ಹದಿನೈದನ್ನು ಐದಕ್ಕೆ ಇಳಿಸಿ ಮತ್ತೆ ಕಟ್ಟಲು ಕುಳಿತಳು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ.

ಎಂಟರಲ್ಲಿ ನಾಲ್ಕನೆಯ ಬೀಡಿಗೆ ರೋಡಿನಲ್ಲಿ ವ್ಯಾನಿನ ಹಾರ್ನ್ ಕೇಳಿಸಿತು. ಎರಡು ನಿಮಿಷ ಮೊದಲೇ ಬಂದಿದೆ.

"ಹೋಗಿ ಮಾರಾಯ್ರೆ, ಅದು ತನ್ನಷ್ಟಕ್ಕೇ ಆಫ್ ಆಗುತ್ತದೆ," ಅಂದೆ.

"ಹೋದ್ ಸಲವೂ ಹೀಂಗೇ ಎದ್ದ್ ಹೋದ್ದ್ ನಾನ್," ಅಂದಳು.

ನಾನು ಗಡಿಬಿಡಿಯಲ್ಲಿ ಅಂತ್ಯಗಳನ್ನು ಮುಂದಿಟ್ಟೆ.

ಒಂದು: ಅವಳು ಹೋಗುವುದಿಲ್ಲ. ಮೊಟ್ಟೆ ಹದವಾಗಿ ಬೇಯುತ್ತದೆ. ಟಿಪ್ಪರು ಓಡಾಡುವ ರೋಡಿನಲ್ಲಿ ಮಗು ಒಂಟಿಯಾಗಿ ನಿಂತಿರುತ್ತದೆ.

ಎರಡು: ಅವಳು ಹೋಗುತ್ತಾಳೆ. ಯಂತ್ರ ಟಿಣ್ ಅಂದು ತಾನೇ ನಿಲ್ಲುತ್ತದೆ. ಸಂಜೆ ಸುರಕ್ಷಾ ಅಮ್ಮನನ್ನು ತಬ್ಬಿಕೊಳ್ಳುತ್ತಾಳೆ. (ಜಾಹೀರಾತು ಅಂತ ಆಗಲೇ ಅನುಮಾನಪಟ್ಟಿರಲ್ಲ, ಇದೇ ಅದು.)

ಮೂರನೆಯದನ್ನು ಒಮ್ಮೆ ಬರೆದು ಹರಿದಿದ್ದೇನೆ. ಕೇಳಬೇಡಿ.

ಚಂದ್ರಾವತಿ ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಪ್ಲಗ್ಗನ್ನೇ ಕಿತ್ತಳು. ಚಪ್ಪಲಿ ಕೂಡ ಮೆಟ್ಟದೆ ರೋಡಿಗೆ ಓಡಿದಳು. ನಾನು ಹಿಂದೆ ಓಡಿದೆ, ವಾಕ್ಯಗಳು ನನ್ನ ಹಿಂದೆ.

೫

(ನಾಲ್ಕು ಓಡುವಾಗ ಬಿದ್ದುಹೋಯಿತು.)

ಅನಿಷಾಳ ಕೈ ಹಿಡಿದು ಚಂದ್ರಾವತಿ ಮನೆಯೊಳಗೆ ಕಾಲಿಟ್ಟದ್ದೇ ಫೋನು ಬಂತು. ಸುರಕ್ಷಾ.

"ಅಮ್ಮಾ, ಮೊಟ್ಟಿ ಬೆಂದಿತಾ?"

ಬೆಂದಿತು ಅನ್ನಿ, ಅಂತ ಕಿವಿಯಲ್ಲಿ ಹೇಳಿಕೊಟ್ಟೆ. ಒಂದು ಸಣ್ಣ ಸುಳ್ಳು. ಮಗು ಬ್ರಹ್ಮಾವರಕ್ಕೆ ಹೋಗುವುದು ತಪ್ಪುತ್ತದೆ. ಈ ಮನೆಯಲ್ಲಿ ಆ ಮಗುವಿಲ್ಲದೆ ಚಂದ್ರಾವತಿಗೆ ಮಧ್ಯಾಹ್ನವೇ ಇಲ್ಲ. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

"ಇಲ್ಲೆ ಮಗಾ," ಅಂದಳು ಚಂದ್ರಾವತಿ, ಏದುಸಿರು ಬಿಡುತ್ತ. "ಕರೆಂಟ್ ಹೋಯಿತ್ತ್. ಮತ್ತ್ ಹಾಕ್ದೆ, ವ್ಯಾನ್ ಬಂತ್. ಪ್ಲಗ್ ಕಿತ್ತ್ ಓಡ್ದೆ. ಮೊಟ್ಟಿ ಬೆಂದಿಲ್ಲೆ. ಹೆಣ್ಣ್ ಮನಿಗ್ ಬಂತ್."

ಆ ಕಡೆ ಅಂಗಡಿಯಲ್ಲಿ ಯಾರೋ ಬ್ಲೌಸ್ ಪೀಸ್ ಕೇಳುತ್ತಿರುವುದು ಮಾತ್ರ ಕೇಳಿಸುತ್ತಿದೆ.

ಸುರಕ್ಷಾ ಏನು ಹೇಳುತ್ತಾಳೆ ಅಂತ ನೀವು ಕೇಳುತ್ತೀರಿ. ನನ್ನ ಹತ್ತಿರ ಎರಡು ಉತ್ತರ ತಯಾರಿದೆ. ಒಂದರಲ್ಲಿ ನೀವು ಅಳುತ್ತೀರಿ, ಇನ್ನೊಂದರಲ್ಲಿ ನಿಟ್ಟುಸಿರು ಬಿಡುತ್ತೀರಿ. ಪೆನ್ನು ಎತ್ತಿದೆ.

"ಎಂತದೂ ಬರೆಯೂಕಾಗ," ಅಂದಳು ಚಂದ್ರಾವತಿ, ಫೋನಿಗೆ ಕೇಳದ ಹಾಗೆ. "ಅದ್ ಮಗಳ್ ಬಾಯಂಗೇ ಬರ್ಲಿ."

"ಅಜ್ಜೀ, ಹೊಟ್ಟಿ ಹಸಿತ್," ಅಂತ ಅನಿಷಾ ಸೆರಗು ಎಳೆಯುತ್ತಿದ್ದಾಳೆ. ಚಂದ್ರಾವತಿ ಅವಳ ಕೈ ಬಿಡುತ್ತಿಲ್ಲ. ಮಗುವಿಗೆ ನೋವಾಗುವಷ್ಟು ಬಿಗಿಯಾಗಿ ಹಿಡಿದಿದ್ದಾಳೆ.

ಪೆನ್ನು ಕೆಳಗಿಟ್ಟಿದ್ದೇನೆ. ಫೋನು ಇನ್ನೂ ಕಟ್ ಆಗಿಲ್ಲ.